ಹಳೇ ಪಿಯಾನೊ ಯಾರು ಮಾಡಿದ್ದು, ಯಾವ ಕಾಲದ್ದು? ಬಿಚ್ಚಿ ನೋಡಿ ತಿಳಿಯುವುದು ಹೀಗೆ

ಮೈಸೂರಿನಲ್ಲಿ ಹಳೇ ಪಿಯಾನೊ ಇರುವ ಮನೆಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು ಒಂದೇ. "ಇದು ಅರಮನೆಯಿಂದ ಬಂದಿದ್ದು." ನಜರ್‌ಬಾದಿನಲ್ಲೂ ಅದೇ, ಚಾಮರಾಜಪುರದಲ್ಲೂ ಅದೇ, ಒಂಟಿಕೊಪ್ಪಲಿನಲ್ಲೂ ಅದೇ. ಯಾರೂ ಬೇಕಂತ ಸುಳ್ಳು ಹೇಳುವುದಿಲ್ಲ. ತಾತ ಹೇಳಿದ್ದನ್ನು ಮೊಮ್ಮಕ್ಕಳು ಹೇಳುತ್ತಾರೆ, ಅಷ್ಟೇ.

ಹಾಗೆ ಹೇಳುವುದಕ್ಕೆ ಕಾರಣವೂ ಇದೆ. ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತವರು. ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದರು. ಇಂಥ ಊರಿನಲ್ಲಿ ಪಿಯಾನೊ ಅಂದ ಕೂಡಲೇ ಅರಮನೆ ನೆನಪಾಗುವುದು ಸಹಜ ಅಲ್ವಾ. ಆದರೆ ಇಲ್ಲಿ ಪಿಯಾನೊ ಇಟ್ಟುಕೊಂಡವರು ಅರಮನೆಯವರು ಮಾತ್ರ ಅಲ್ಲ. ಚರ್ಚು, ಮಿಷನ್ ಶಾಲೆ, ಕ್ಲಬ್ಬು, ಇಂಗ್ಲಿಷ್ ಅಧಿಕಾರಿಗಳ ಬಂಗಲೆ, ಮಗಳಿಗೆ ಪಿಯಾನೊ ಕಲಿಸಬೇಕು ಅಂತ ಆಸೆಪಟ್ಟ ವಕೀಲರ ಮನೆ, ಎಲ್ಲ ಕಡೆಯೂ ಇತ್ತು.

ನಾನು ಹಳೇ ಪಿಯಾನೊಗಳ ಹಿಂದೆ ಓಡಾಡಲು ಶುರುಮಾಡಿ ಹತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ, ಮುಂದೆ ಬರೆದಿರುವ ಹೆಸರನ್ನು ಕೂಡಲೇ ನಂಬಬೇಡಿ, ಮನೆಯವರ ಕಥೆಯನ್ನು ಗೌರವದಿಂದ ಕೇಳಿ ಪಕ್ಕಕ್ಕಿಡಿ, ಆಮೇಲೆ ಮುಚ್ಚಳ ತೆಗೆದು ಒಳಗೆ ನೋಡಿ. ಪಿಯಾನೊ ತನ್ನ ವಯಸ್ಸನ್ನು ಒಳಗಡೆ ಐದಾರು ಕಡೆ ಬರೆದುಕೊಂಡಿರುತ್ತದೆ. ಒಂದು ಕಡೆ ಅಳಿಸಿದ್ದರೂ ಇನ್ನೊಂದು ಕಡೆ ಸಿಗುತ್ತದೆ.

ಹೋದ ವರ್ಷ ದಸರಾ ಮುಗಿದ ವಾರ ನಜರ್‌ಬಾದಿನ ಒಂದು ಹೆಂಚಿನ ಮನೆಯಿಂದ ಫೋನು ಬಂತು. ಮನೆ ಮಾರುತ್ತಿದ್ದರು. ಹಾಲಿನ ಮೂಲೆಯಲ್ಲಿ ಒಂದು ನಿಂತ ಪಿಯಾನೊ, ಅಂದರೆ ತಂತಿಗಳು ಮೇಲಿಂದ ಕೆಳಕ್ಕೆ ನಿಂತಿರುವ ಬಗೆಯದು. ಮೇಲೆ ಬಿಳಿ ಪಂಚೆ ಹಾಸಿತ್ತು, ಅದರ ಮೇಲೆ ಪಟ್ಟದ ಗೊಂಬೆಗಳು ಇನ್ನೂ ಹಾಗೇ ಕೂತಿದ್ದವು. ಮನೆಯ ಹಿರಿಯಮ್ಮ ಸ್ಕೂಲ್ ಟೀಚರ್ ಆಗಿದ್ದವರು. "ಗುಜರಿಯವನು ಬಂದು ನೋಡಿಕೊಂಡು ಹೋದ ಕಣಪ್ಪ. ಒಳಗಿರೋ ಕಬ್ಬಿಣದ ತೂಕಕ್ಕೆ ದುಡ್ಡು ಕೊಡ್ತೀನಿ ಅಂದ. ಕೊಡೋಕೆ ಮುಂಚೆ ನೀನೊಂದು ಸಲ ನೋಡಿಬಿಡು" ಅಂದರು. ಆ ಪಿಯಾನೊವನ್ನು ಹೇಗೆ ನೋಡಿದೆವು ಅನ್ನುವುದನ್ನೇ ಇಟ್ಟುಕೊಂಡು ಹೇಳುತ್ತೇನೆ, ನಿಮಗೂ ಅನುಕೂಲ.

ಕೈ ಹಾಕುವ ಮುಂಚೆ

ಒಂದು ಟಾರ್ಚು, ಫೋನು, ಮೆತ್ತನೆ ಪೇಂಟ್ ಬ್ರಶ್ಶು, ತೆಳು ಬಿಳಿ ಹಾಳೆ, ಪೆನ್ಸಿಲ್, ಅಗಲ ಬಾಯಿನ ತಿರುಪುಳಿ, ತಿರುಪು ಹಾಕಲು ಎರಡು ಬಟ್ಟಲು. ಇಷ್ಟು ಸಾಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಳಗೆ ಐವತ್ತು ವರ್ಷದ ಧೂಳು, ಇಲಿ ಪಿಕ್ಕೆ, ಉಣ್ಣೆ ತಿಂದ ಹುಳದ ಪುಡಿ ಎಲ್ಲ ಇರುತ್ತದೆ.

ಪಿಯಾನೊವನ್ನು ಗೋಡೆಯಿಂದ ಎಳೆಯಲು ಒಬ್ಬರೇ ಹೋಗಬೇಡಿ. ಒಳಗೆ ಎರಕದ ಕಬ್ಬಿಣದ ಫ್ರೇಮು ಇರುವ ನಿಂತ ಪಿಯಾನೊ 200 ಕಿಲೋ ಸುಲಭವಾಗಿ ದಾಟುತ್ತದೆ. ಭಾರವೆಲ್ಲ ಹಿಂದೆ ಇರುವುದರಿಂದ ಹಿಂದಕ್ಕೇ ಮಗುಚಿಕೊಳ್ಳುತ್ತದೆ. ತಂತಿ ಸಡಿಲ ಮಾಡಿ ನೋಡೋಣ ಅನ್ನುವ ಯೋಚನೆಯಂತೂ ಬೇಡವೇ ಬೇಡ. ಎಲ್ಲ ತಂತಿ ಸೇರಿ ಟನ್‌ಗಟ್ಟಲೆ ಬಿಗಿ ಇರುತ್ತದೆ. ಎಣ್ಣೆ, ಒದ್ದೆ ಬಟ್ಟೆ, ಹಿತ್ತಾಳೆ ಪಾಲಿಶ್, ಏನೂ ಮುಟ್ಟಿಸಬೇಡಿ. ನಮಗೆ ಬೇಕಾದ ಅಕ್ಷರ ಅದೇ ಕೊಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿರಬಹುದು, ಒಂದು ಸಲ ಒರೆಸಿದರೆ ಹೋಯಿತು.

ಮೊದಲು ಅದು ಪಿಯಾನೊ ಹೌದೋ ಅಲ್ಲವೋ ನೋಡಿ. ಹೀಗೆ ಹೇಳುವುದಕ್ಕೆ ಕಾರಣ ಇದೆ. ಮಂಡ್ಯದ ಹತ್ತಿರದ ಒಂದು ಹಳೇ ಬಂಗಲೆಯವರು "ಪಿಯಾನೊ ಇದೆ ಬನ್ನಿ" ಅಂತ ಕರೆದರು. ಹೋಗಿ ಮುಚ್ಚಳ ತೆಗೆದರೆ ಒಂದು ತಂತಿಯೂ ಇಲ್ಲ. ಕೆಳಗೆ ಎರಡು ಅಗಲ ಪೆಡಲ್, ಒಳಗೆ ತಿದಿ, ಸಾಲಾಗಿ ಹಿತ್ತಾಳೆ ರೀಡು. ಅದು ಕಾಲಿನಲ್ಲಿ ತುಳಿದು ನುಡಿಸುವ ಆರ್ಗನ್, ಹಾರ್ಮೋನಿಯಂನ ದೊಡ್ಡಣ್ಣ. ಪ್ರಾರ್ಥನೆಗೆ ಅಂತ ತರಿಸಿದ್ದಂತೆ. ಚೆನ್ನಾಗಿಯೇ ಇತ್ತು, ಆದರೆ ಅದರ ಗುರುತು ಹಿಡಿಯುವ ದಾರಿ ಬೇರೆ. ಮಂಡ್ಯ ಜಿಲ್ಲೆಗೂ ಆರ್ಗನ್ನಿಗೂ ನಂಟು ಹಳೆಯದು ಅನ್ನುವುದು ಆವತ್ತು ವಾಪಸ್ ಬರುವಾಗ ನೆನಪಾಯಿತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲಿಷರು ಹೊತ್ತುಕೊಂಡು ಹೋದ ಟಿಪ್ಪುವಿನ ಹುಲಿಯ ಹೊಟ್ಟೆಯಲ್ಲಿ ಇರುವುದೂ ಒಂದು ಸಣ್ಣ ಆರ್ಗನ್ನೇ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಹೆಸರು: ಮಾಡಿದವರದೋ, ಮಾರಿದವರದೋ?

ಕೀಗಳ ಮೇಲೆ ಮುಚ್ಚುವ ಹಲಗೆಯ ಒಳಮುಖದಲ್ಲಿ ಬಂಗಾರದ ಬಣ್ಣದ ಅಕ್ಷರದಲ್ಲೋ ಹಿತ್ತಾಳೆ ಕೂರಿಸಿಯೋ ಒಂದು ಹೆಸರು ಇರುತ್ತದೆ. ಎಲ್ಲರೂ ಅದನ್ನೇ ಓದಿ, ಅದೇ ಕಂಪನಿ ಅಂದುಕೊಳ್ಳುತ್ತಾರೆ. ತಪ್ಪಾಗುವುದು ಇಲ್ಲೇ. ಆ ಕಾಲದಲ್ಲಿ ದೊಡ್ಡ ಅಂಗಡಿಯವರು ಲಂಡನ್ ಅಥವಾ ಜರ್ಮನಿಯಿಂದ ಪಿಯಾನೊ ತರಿಸಿ ತಮ್ಮದೇ ಹೆಸರು ಹಾಕಿಸಿ ಮಾರುತ್ತಿದ್ದರು. ಮದ್ರಾಸಿನ ಮಿಸ್ಕ್ವಿತ್ ಅಂಡ್ ಕಂಪನಿ ಅಂಥದ್ದು, 1842ರಲ್ಲಿ ಶುರುವಾದ ಆ ಅಂಗಡಿಯೇ ಆಮೇಲೆ ಮ್ಯೂಸೀ ಮ್ಯೂಸಿಕಲ್ ಆಯಿತು. ಬೊಂಬಾಯಿಯಲ್ಲಿ 1865ರಿಂದ ಫರ್ಟಾಡೋಸ್ ಇದೆ. ನಮ್ಮ ಕಡೆಯ ಮನೆಗಳಿಗೆ ಪಿಯಾನೊ ಬಂದದ್ದು ಹೆಚ್ಚಾಗಿ ಮದ್ರಾಸು, ಬೊಂಬಾಯಿ, ಬೆಂಗಳೂರು ದಂಡು ಪ್ರದೇಶದ ಇಂಥ ಅಂಗಡಿಗಳ ಮೂಲಕ. ಹೆಸರಿನ ಜೊತೆ ಭಾರತದ ಊರಿನ ಹೆಸರು ಇದ್ದರೆ ಅದು ಮಾರಿದವರ ಹೆಸರು ಅಂತಲೇ ಮೊದಲು ಎಣಿಸಿ. ಯುರೋಪಿನಲ್ಲೂ ಇದೇ ಪದ್ಧತಿ ಇತ್ತು. ಜರ್ಮನಿಯಲ್ಲಿ ಮಾಡಿ, ಇಂಗ್ಲಿಷ್ ಅನ್ನಿಸುವ ಒಂದು ಹೆಸರು ಅಂಟಿಸಿ ಮಾರಿದ ಪಿಯಾನೊಗಳು ಬೇಕಾದಷ್ಟಿವೆ.

ಹಾಗಾದರೆ ನಿಜವಾದ ಹೆಸರು ಎಲ್ಲಿ? ಕಬ್ಬಿಣದ ಫ್ರೇಮಿನಲ್ಲಿ. ಹಲಗೆ ಮೇಲಿನ ಹೆಸರನ್ನು ಅಳಿಸಿ ಬರೆಯಬಹುದು. ಎರಕ ಹೊಯ್ಯುವಾಗಲೇ ಉಬ್ಬಿ ಬಂದ ಅಕ್ಷರವನ್ನು ಬದಲಿಸುವುದು ಕಷ್ಟ. ಅದನ್ನು ನೋಡಲು ನಿಂತ ಪಿಯಾನೊದ ಮೇಲಿನ ಮುಚ್ಚಳ ಎತ್ತಿ. ಒಳಗೆ ಎಡಕ್ಕೂ ಬಲಕ್ಕೂ ಮರದ್ದೋ ಹಿತ್ತಾಳೆಯದ್ದೋ ಒಂದೊಂದು ತಿರುಗುವ ಚಿಲಕ ಇರುತ್ತದೆ. ತಿರುಗಿಸಿದರೆ ಮುಂದಿನ ಹಲಗೆ ಸಡಿಲವಾಗುತ್ತದೆ. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ಈಚೆ ತೆಗೆಯಿರಿ. ಕೆಳಗಿನ ಹಲಗೆಗೆ ಕೀ ಹಲಗೆಯ ಅಡಿಯಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದನ್ನು ಮೇಲಕ್ಕೆ ಒತ್ತಿದರೆ ಹಲಗೆ ಮುಂದಕ್ಕೆ ಬೀಳುತ್ತದೆ, ಹಿಡಿದುಕೊಂಡಿರಿ. ತಂತಿಗಳು ನೆಲಕ್ಕೆ ಸಮನಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೊ ಆದರೆ ಇಷ್ಟು ಕಷ್ಟವಿಲ್ಲ. ಮುಚ್ಚಳ ಎತ್ತಿ ಕೋಲು ಕೊಟ್ಟು, ಸ್ವರದ ಪುಸ್ತಕ ಇಡುವ ಸ್ಟ್ಯಾಂಡನ್ನು ಮುಂದಕ್ಕೆ ಎಳೆದು ತೆಗೆದರೆ ಎಲ್ಲ ಕಾಣುತ್ತದೆ.

ಟೀಚರಮ್ಮನ ಪಿಯಾನೊದ ಹಲಗೆಯ ಮೇಲೆ ಮದ್ರಾಸಿನ ಒಂದು ಅಂಗಡಿಯ ಹೆಸರು ಅರ್ಧಂಬರ್ಧ ಉಳಿದಿತ್ತು. ಮುಂದಿನ ಹಲಗೆ ತೆಗೆದು ಟಾರ್ಚು ಓರೆಯಾಗಿ ಹಿಡಿದೆ. ಓರೆಯಾಗಿ ಹಿಡಿಯುವುದು ಮುಖ್ಯ, ನೇರ ಬೆಳಕಿನಲ್ಲಿ ಉಬ್ಬು ಅಕ್ಷರ ಕಾಣುವುದೇ ಇಲ್ಲ. ಬ್ರಶ್ಶಿನಲ್ಲಿ ಮೆಲ್ಲಗೆ ಧೂಳು ಸರಿಸುತ್ತಾ ಹೋದ ಹಾಗೆ ಬಂಗಾರದ ಬಣ್ಣದ ಕಬ್ಬಿಣದ ಮೇಲೆ ಒಂದೊಂದೇ ಅಕ್ಷರ ಎದ್ದು ಬಂತು. ಜಾನ್ ಬ್ರಿನ್ಸ್‌ಮೀಡ್ ಅಂಡ್ ಸನ್ಸ್, ಲಂಡನ್. ಟೀಚರಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. "ಐವತ್ತು ವರ್ಷ ಇದರ ಮುಂದೇನೇ ಕೂತಿದ್ದೀನಿ, ಹೆಸರು ಇವತ್ತು ಗೊತ್ತಾಯ್ತು ನೋಡು" ಅಂದರು.

ಹೆಸರು ಸಿಕ್ಕಿದ ಮೇಲೆ ಅದನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಕಂಪನಿ ಹೆಸರು ಬದಲಾದ ವರ್ಷವೇ ಒಂದು ಸುಳಿವು. ಲಂಡನ್ನಿನ ಬ್ರಾಡ್‌ವುಡ್ ಕಂಪನಿ ನೋಡಿ. 1795ರಿಂದ "ಜಾನ್ ಬ್ರಾಡ್‌ವುಡ್ ಅಂಡ್ ಸನ್", ಒಬ್ಬ ಮಗ. 1808ರಿಂದ "ಅಂಡ್ ಸನ್ಸ್", ಇಬ್ಬರಾದರು. 1901ರಲ್ಲಿ "ಲಿಮಿಟೆಡ್" ಸೇರಿತು. ವಿಳಾಸವೂ ಹಾಗೇ. ಗ್ರೇಟ್ ಪಲ್ಟ್‌ನಿ ಸ್ಟ್ರೀಟ್ ಅಂತ ಇದ್ದರೆ 1904ಕ್ಕಿಂತ ಹಿಂದಿನದು, ಆ ವರ್ಷ ಅವರು ಕಾಂಡ್ವಿಟ್ ಸ್ಟ್ರೀಟಿಗೆ ಹೋದರು. ಕ್ಲೆಮೆಂಟಿ ಕಂಪನಿ 1830ರ ಹೊತ್ತಿಗೆ ಕೊಲಾರ್ಡ್ ಅಂಡ್ ಕೊಲಾರ್ಡ್ ಆಯಿತು. ಅದೇ ಕೊಲಾರ್ಡಿನವರು 1896ರಲ್ಲಿ ಕರ್ಕ್‌ಮನ್ ಕಂಪನಿಯನ್ನು ಸೇರಿಸಿಕೊಂಡರು. ಬ್ರಿನ್ಸ್‌ಮೀಡ್ ಕಂಪನಿ 1920ರ ಹೊತ್ತಿಗೆ ಬೇರೆಯವರ ಕೈಗೆ ಹೋಯಿತು.

"ಸ್ಥಾಪನೆ" ಅಂತ ಇರುವ ವರ್ಷವನ್ನು ಪಿಯಾನೊ ಹುಟ್ಟಿದ ವರ್ಷ ಅಂತ ಓದಿಕೊಂಡವರನ್ನು ಬಹಳ ನೋಡಿದ್ದೇನೆ. ಬ್ರಾಡ್‌ವುಡ್ ಮೇಲೆ 1728 ಅಂತ ಇದ್ದರೆ ಅದು ಕಂಪನಿಯ ಮೂಲ ಅಂಗಡಿಯ ವರ್ಷ, ಆಗ ಅವರು ಪಿಯಾನೊ ಮಾಡುತ್ತಲೇ ಇರಲಿಲ್ಲ, ಪಿಯಾನೊಗಿಂತ ಹಳೆಯದಾದ, ತಂತಿ ಮೀಟಿ ನುಡಿಯುವ ಹಾರ್ಪ್ಸಿಕಾರ್ಡ್ ಅನ್ನುವ ಕೀ ವಾದ್ಯ ಮಾಡುತ್ತಿದ್ದರು. ಹಾಗೆಯೇ 1853. ಸ್ಟೈನ್‌ವೇ, ಬೆಕ್‌ಸ್ಟೈನ್, ಬ್ಲೂಟ್ನರ್ ಮೂರೂ ಅದೇ ವರ್ಷ ಶುರುವಾದವು, ಒಂದು ನ್ಯೂಯಾರ್ಕಿನಲ್ಲಿ, ಒಂದು ಬರ್ಲಿನ್ನಿನಲ್ಲಿ, ಇನ್ನೊಂದು ಲೈಪ್‌ಜಿಗ್‌ನಲ್ಲಿ. ಆ ಸಂಖ್ಯೆ ನೋಡಿದ ಕೂಡಲೇ 170 ವರ್ಷದ ಪಿಯಾನೊ ಅಂತ ಊರಿಗೆಲ್ಲ ಹೇಳಿಬಿಡಬೇಡಿ.

ಸೀರಿಯಲ್ ನಂಬರ್

ಇದು ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ. ನಾಲ್ಕರಿಂದ ಆರು ಅಂಕಿಯ ಸಂಖ್ಯೆ ಸಾಮಾನ್ಯ. ಗ್ರ್ಯಾಂಡ್‌ನಲ್ಲಿ ತಂತಿ ಸುತ್ತಿರುವ ಟ್ಯೂನಿಂಗ್ ಪಿನ್ನುಗಳ ಹತ್ತಿರ ಫ್ರೇಮಿನ ಮೇಲೆ, ಇಲ್ಲದಿದ್ದರೆ ತಂತಿಗಳ ಕೆಳಗೆ ನಾದ ಹೆಚ್ಚಿಸುವ ಅಗಲ ಮರದ ಹಲಗೆ, ಅಂದರೆ ಸೌಂಡ್‌ಬೋರ್ಡ್ ಮೇಲೆ ನೋಡಿ. ನಿಂತ ಪಿಯಾನೊದಲ್ಲಿ ಮೇಲಿನ ಮುಚ್ಚಳ ಎತ್ತಿದ ಕೂಡಲೇ ಕಾಣುವ ಮರದ ಅಂಚಿನ ಮೇಲೆ, ಪೆಟ್ಟಿಗೆಯ ಒಳಗೋಡೆಯಲ್ಲಿ, ಫ್ರೇಮಿನ ಮೇಲೆ, ಬೆನ್ನಿನ ಮರದ ಕಂಬಗಳ ಮೇಲೆ ಹುಡುಕಿ. ಎಲ್ಲೂ ಇಲ್ಲದಿದ್ದರೆ ಎಡಗಡೆಯ ಮೊದಲ ಕೀ.

ಆ ಮೊದಲ ಕೀ ನನಗೆ ಬಹಳ ಇಷ್ಟದ ಜಾಗ. ಕೀ ಅಂದರೆ ನಾವು ಬೆರಳಿಡುವ ಬಿಳಿ ತುಂಡು ಮಾತ್ರ ಅಲ್ಲ. ಒಳಗೆ ಮೊಳದುದ್ದದ ಮರದ ಪಟ್ಟಿ ಇರುತ್ತದೆ. ಅದನ್ನು ತೆಗೆಯಲು ಮೊದಲು ಕೀ ಮುಚ್ಚುವ ಹಲಗೆ ತೆಗೆಯಬೇಕು. ಕೀಗಳ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇದ್ದರೆ ಅದರ ತಿರುಪು ಬಿಚ್ಚಬೇಕು. ಆಮೇಲೆ ಕೀಯನ್ನು ನೇರ ಮೇಲಕ್ಕೆ ಎತ್ತಿದರೆ ಪಿನ್ನಿನಿಂದ ಬಿಟ್ಟುಕೊಳ್ಳುತ್ತದೆ. ಎತ್ತುವಾಗ ಎಲ್ಲಾದರೂ ತಡೆದರೆ ನಿಲ್ಲಿಸಿ. ಕೆಲವು ಹಳೇ ಇಂಗ್ಲಿಷ್ ಪಿಯಾನೊಗಳಲ್ಲಿ ಕೀಯ ಹಿಂಬದಿ ಒಳಗಿನ ಕಡ್ಡಿಗಳಿಗೆ ಸೇರಿಕೊಂಡಿರುತ್ತದೆ. ಬಲ ಹಾಕಿದರೆ ಮುರಿಯುತ್ತದೆ, ಅಂಥ ಕೆಲಸ ಪಿಯಾನೊ ಶ್ರುತಿ ಮಾಡುವ ಟ್ಯೂನರ್‌ಗೇ ಬಿಡಿ. ಕೀ ಹೊರಗೆ ಬಂದರೆ ಅದರ ಪಕ್ಕದಲ್ಲಿ ಒತ್ತಿದ ನಂಬರ್ ಇರಬಹುದು. ಕೀ ಮಾಡಿದವರ ಸಹಿ, ಒಮ್ಮೊಮ್ಮೆ ತಾರೀಕು ಸಿಗುವುದೂ ಉಂಟು.

ಮರದಲ್ಲಿ ಒತ್ತಿದ ಅಂಕಿ ಮಾಸಿ ಓದಲು ಬಾರದಿದ್ದರೆ, ಸಣ್ಣವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೇ ಮಾಡಿ. ತೆಳು ಹಾಳೆ ಇಟ್ಟು ಪೆನ್ಸಿಲ್ಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ ಅಂಕಿ ಬಿಳಿಯಾಗಿ ಮೂಡುತ್ತದೆ. ಟೀಚರಮ್ಮನ ಪಿಯಾನೊದಲ್ಲಿ ಮೇಲಿನ ಅಂಚಿನ ನಂಬರ್ ಮೇಲೆ ಯಾರೋ ದಪ್ಪಗೆ ಪಾಲಿಶ್ ಬಳಿದಿದ್ದರು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಾಳೆ ಮೇಲೆ ಐದೂ ಅಂಕಿ ಬಂದವು. ಕೀ ಮೇಲೂ ಅದೇ ಐದು. ಎರಡು ಕಡೆ ಒಂದೇ ನಂಬರ್ ಬಂದರೆ ನೆಮ್ಮದಿ, ಬೇರೆ ಪಿಯಾನೊದ ಭಾಗ ತಂದು ಜೋಡಿಸಿಲ್ಲ ಅಂತ ಅರ್ಥ.

ಕಣ್ಣಿಗೆ ಬಿದ್ದ ಎಲ್ಲ ಸಂಖ್ಯೆಯೂ ಸೀರಿಯಲ್ ನಂಬರ್ ಅಲ್ಲ, ಇದನ್ನು ಮರೆಯಬೇಡಿ. ಫ್ರೇಮಿನ ಮೇಲೆ ಎರಕದ ಅಚ್ಚಿನ ನಂಬರ್ ಇರುತ್ತದೆ. ಪೇಟೆಂಟ್ ನಂಬರ್, ಪೇಟೆಂಟ್ ವರ್ಷ ಇರುತ್ತದೆ. ತಂತಿಗೆ ಹೊಡೆಯುವ ಪುಟ್ಟ ಸುತ್ತಿಗೆಗಳನ್ನು, ಅಂದರೆ ಹ್ಯಾಮರ್‌ಗಳನ್ನು ಆಡಿಸುವ ಇಡೀ ಯಂತ್ರಕ್ಕೆ ಆಕ್ಷನ್ ಅನ್ನುತ್ತಾರೆ, ಅದನ್ನು ಹೆಚ್ಚಿನ ಕಂಪನಿಗಳು ಹೊರಗಿನಿಂದ ತರಿಸುತ್ತಿದ್ದವು. ಅದರ ಮೇಲೆ ಬೇರೆಯೇ ಹೆಸರು, ಬೇರೆಯೇ ನಂಬರ್. ಪ್ಯಾರಿಸ್ಸಿನ ಶ್ವಾಂಡರ್ ಅಂತ ಆಕ್ಷನ್ ಮೇಲೆ ಓದಿ, ನಮ್ಮದು ಫ್ರೆಂಚ್ ಪಿಯಾನೊ ಅಂದುಕೊಂಡವರಿದ್ದಾರೆ. ಅದು ಆಕ್ಷನ್ ಮಾಡಿದವರ ಹೆಸರು ಅಷ್ಟೇ. ಆದರೂ ಬರೆದುಕೊಳ್ಳಿ, ಕೆಲಸಕ್ಕೆ ಬರುತ್ತದೆ. "ಹೆರ್ಬರ್ಗರ್ ಬ್ರೂಕ್ಸ್" ಅಂತ ಇದ್ದರೆ ಆ ಆಕ್ಷನ್ 1920ರಿಂದ ಈಚಿನದು, ಎರಡು ಕಂಪನಿ ಸೇರಿ ಆ ಹೆಸರಾದದ್ದು ಆಗ.

ನಂಬರ್ ಸಿಕ್ಕಮೇಲೆ ವರ್ಷ ನೋಡಲು ಪಟ್ಟಿಗಳಿವೆ. ಟ್ಯೂನರ್‌ಗಳು ಇಟ್ಟುಕೊಳ್ಳುವುದು ಪಿಯರ್ಸ್ ಪಿಯಾನೊ ಅಟ್ಲಾಸ್ ಅನ್ನುವ ದಪ್ಪ ಪುಸ್ತಕ, ಸಾವಿರಾರು ಕಂಪನಿಗಳ ನಂಬರ್ ಅದರಲ್ಲಿವೆ. ದೊಡ್ಡ ಕಂಪನಿಗಳ ಪಟ್ಟಿ ನೆಟ್ಟಿನಲ್ಲೂ ಸಿಗುತ್ತದೆ. ಸ್ಟೈನ್‌ವೇ ಲೆಕ್ಕ ಸಲೀಸು. 1853ರಲ್ಲಿ 483ರಿಂದ ಶುರು, 1903ರಲ್ಲಿ 1,00,000 ಮುಟ್ಟಿತು, ಆ ಪಿಯಾನೊ ಅಮೆರಿಕದ ಅಧ್ಯಕ್ಷರ ಮನೆಗೆ ಹೋಯಿತು. 3,00,000ನೆಯದು ಹೋದದ್ದೂ ಅಲ್ಲಿಗೇ, 1938ರಲ್ಲಿ. ಬ್ರಾಡ್‌ವುಡ್ ಹಾಗಲ್ಲ. ಗ್ರ್ಯಾಂಡಿಗೆ ಒಂದು ಸಾಲು, ಚೌಕ ಪಿಯಾನೊಗೆ ಒಂದು ಸಾಲು, ನಿಂತದ್ದಕ್ಕೆ ಇನ್ನೊಂದು ಸಾಲು. ಬರೀ ನಂಬರ್ ಹೇಳಿದರೆ ಸಾಲದು, ಯಾವ ಬಗೆ ಅಂತಲೂ ಹೇಳಬೇಕು. ಆದರೆ ಬ್ರಾಡ್‌ವುಡ್ ಇರುವವರು ಅದೃಷ್ಟವಂತರು. ಅವರ ಹಳೇ ಲೆಕ್ಕದ ಪುಸ್ತಕಗಳು ಇಂಗ್ಲೆಂಡಿನ ಸರ್ರೆ ಹಿಸ್ಟರಿ ಸೆಂಟರ್‌ನಲ್ಲಿವೆ. ಪಿಯಾನೊ ಯಾವ ದಿನ ಯಾರಿಗೆ ಹೋಯಿತು ಅನ್ನುವುದೂ ಅಲ್ಲಿ ಸಿಗಬಹುದು. ಅರಮನೆ ಕಥೆಯ ನಿಜ ಗೊತ್ತಾಗಬೇಕಾದರೆ ಇಂಥ ಕಾಗದ ಬೇಕು, ಬರೀ ಬಾಯಿಮಾತು ಸಾಲದು.

ಪಟ್ಟಿಯಲ್ಲಿ ಸಿಗುವುದು ಪಿಯಾನೊ ತಯಾರಾದ ವರ್ಷ, ಅದೂ ಒಂದೆರಡು ವರ್ಷ ಆಚೀಚೆ. ಹಡಗು ಹತ್ತಿ ಮದ್ರಾಸಿಗೆ ಬಂದು, ಅಂಗಡಿಯಲ್ಲಿ ಕೂತು, ಮೈಸೂರು ಸೇರುವ ಹೊತ್ತಿಗೆ ಇನ್ನೂ ಸಮಯ ಹೋಗಿರುತ್ತದೆ. ಮದುವೆ ಫೋಟೊದಲ್ಲಿ ಕಂಡ ವರ್ಷಕ್ಕೂ ನಂಬರ್ ಹೇಳುವ ವರ್ಷಕ್ಕೂ ತಾಳೆ ಆಗದಿದ್ದರೆ ಗಾಬರಿ ಬೇಡ.

ನಂಬರ್ ಇಲ್ಲದಿದ್ದರೆ

ಆಗ ಎರಡು ಗೆರೆ ಎಳೆದುಕೊಳ್ಳಬೇಕು. ಇದಕ್ಕಿಂತ ಹಿಂದಿನದಲ್ಲ ಅನ್ನುವ ಒಂದು ಗೆರೆ, ಇದಕ್ಕಿಂತ ಈಚಿನದಲ್ಲ ಅನ್ನುವ ಇನ್ನೊಂದು ಗೆರೆ. ಪಿಯಾನೊ ಹುಟ್ಟಿದ್ದು ಎರಡರ ನಡುವೆ.

ಹಿಂದಿನ ಗೆರೆಗೆ ಪದಕಗಳು. ಕಂಪನಿಗಳು ವಸ್ತುಪ್ರದರ್ಶನದಲ್ಲಿ ಗೆದ್ದ ಪದಕಗಳ ಚಿತ್ರ ಹಾಕಿಕೊಳ್ಳುತ್ತಿದ್ದವು. ಲಂಡನ್ 1851, ಲಂಡನ್ 1862, ಪ್ಯಾರಿಸ್ 1867, ವಿಯೆನ್ನಾ 1873, ಪ್ಯಾರಿಸ್ 1878, ಲಂಡನ್ 1885, ಹೀಗೆ. ಇರುವುದರಲ್ಲಿ ಎಲ್ಲಕ್ಕಿಂತ ಈಚಿನ ವರ್ಷ ಯಾವುದೋ, ಪಿಯಾನೊ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1878ರಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಬ್ರಿನ್ಸ್‌ಮೀಡ್‌ಗೆ ಫ್ರಾನ್ಸ್ ದೇಶದ ಲೀಜನ್ ಆಫ್ ಆನರ್ ಗೌರವ ಸಿಕ್ಕಿತ್ತು. ಟೀಚರಮ್ಮನ ಪಿಯಾನೊದ ಒಳಗೆ ಅದರ ಗುರುತು ಇತ್ತು. ಅಲ್ಲಿಗೆ 1878ರ ಹಿಂದಿನದಲ್ಲ ಅಂತ ಒಂದು ಗೆರೆ ಸಿಕ್ಕಿತು. ಹಾಗೇ "ಮೇಡ್ ಇನ್ ಜರ್ಮನಿ" ಅಂತ ಇಂಗ್ಲಿಷಿನಲ್ಲಿ ಇದ್ದರೆ ಸಾಮಾನ್ಯವಾಗಿ 1887ರಿಂದ ಈಚೆ, ಹೊರದೇಶದ ಸಾಮಾನಿನ ಮೇಲೆ ದೇಶದ ಹೆಸರು ಬರುವ ಹಾಗೆ ಬ್ರಿಟನ್ ಕಾನೂನು ತಂದದ್ದು ಆ ವರ್ಷ. ರಾಣಿಗೆ ಪಿಯಾನೊ ಒದಗಿಸುವವರು ಅಂತ ಇದ್ದು ಆ ರಾಣಿ ವಿಕ್ಟೋರಿಯಾ ಆಗಿದ್ದರೆ 1901ರ ಒಳಗೆ. ರಾಜ ಎಡ್ವರ್ಡ್ ಆದರೆ 1901ರಿಂದ 1910.

ಈಚಿನ ಗೆರೆಗೆ ಟ್ಯೂನರ್‌ಗಳ ಕೈಬರಹ. ಶ್ರುತಿ ಮಾಡಲು ಬಂದವರು ಮೊದಲ ಕೀ ಮೇಲೋ ಹಲಗೆಯ ಒಳಮೈಯಲ್ಲೋ ಹೆಸರು, ತಾರೀಕು ಬರೆದು ಹೋಗುವ ಅಭ್ಯಾಸ ಇತ್ತು, ಈಗಲೂ ಇದೆ. ಅಲ್ಲಿ ಸಿಗುವ ಎಲ್ಲಕ್ಕಿಂತ ಹಳೇ ತಾರೀಕು ನೋಡಿ. ಪಿಯಾನೊ ಅದಕ್ಕಿಂತ ಮುಂಚೆಯೇ ಹುಟ್ಟಿರಬೇಕು.

ಇನ್ನು ಮೈಕಟ್ಟು. ಕೀ ಎಣಿಸಲು ಕೂರಬೇಡಿ, ಸುಮ್ನೆ ಬಲತುದಿ ನೋಡಿ. ಕಟ್ಟಕಡೆಯ ಕರಿ ಕೀ ಆದಮೇಲೆ ಎರಡು ಬಿಳಿ ಇದ್ದರೆ 88 ಕೀ. ಒಂದೇ ಬಿಳಿ ಇದ್ದರೆ 85. 19ನೇ ಶತಮಾನದ ಕೊನೆಯವರೆಗೂ 85 ಸಾಮಾನ್ಯ, 1880ರ ದಶಕದಿಂದ 88 ಹೆಚ್ಚಾಗುತ್ತಾ ಬಂತು. ಆದರೆ 20ನೇ ಶತಮಾನ ಬಂದಮೇಲೂ ಕೆಲವರು 85 ಮಾಡುತ್ತಲೇ ಇದ್ದರು, ಇದೊಂದನ್ನೇ ನೆಚ್ಚಿಕೊಂಡು ವಯಸ್ಸು ಹೇಳಬಾರದು. ತಂತಿಗಳು ವೀಣೆಯ ತಂತಿಗಳ ಹಾಗೆ ಒಂದರ ಪಕ್ಕ ಒಂದು ನೇರ ಇವೆಯೋ, ಅಥವಾ ದಪ್ಪ ತಂತಿಗಳು ಉಳಿದವುಗಳ ಮೇಲೆ ಅಡ್ಡ ಹಾದು ಹೋಗಿವೆಯೋ ನೋಡಿ. ನೇರ ಇದ್ದರೆ ಹಳೇ ಪದ್ಧತಿ. ಗ್ರ್ಯಾಂಡ್ ಪಿಯಾನೊದಲ್ಲಿ ಅಡ್ಡ ಹಾಯಿಸುವುದಕ್ಕೆ ಸ್ಟೈನ್‌ವೇಯವರು ಪೇಟೆಂಟ್ ಪಡೆದದ್ದು 1859ರಲ್ಲಿ, ಇಂಗ್ಲಿಷರು ಅದನ್ನು ಒಪ್ಪಿಕೊಳ್ಳಲು ಬಹಳ ವರ್ಷ ತೆಗೆದುಕೊಂಡರು. ನಿಂತ ಪಿಯಾನೊದಲ್ಲಿ ಹ್ಯಾಮರ್‌ಗಳ ಮುಂದೆ ಗಿಳಿ ಪಂಜರದ ಹಾಗೆ ತಂತಿ ಕಡ್ಡಿಗಳ ಸಾಲು ನಿಂತಿದ್ದರೆ ಅದು ಹಳೇ ಇಂಗ್ಲಿಷ್ ಬಗೆಯ ಆಕ್ಷನ್. ಅವರು ಅದನ್ನು ಮೊದಲ ಮಹಾಯುದ್ಧದ ಆಚೆಗೂ ಬಿಟ್ಟಿರಲಿಲ್ಲ.

ಮುಂದಿನ ಹಲಗೆಯಲ್ಲಿ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡ್ ಇದೆಯೇ? ಇಲ್ಲದಿದ್ದರೆ ಎರಡೂ ಬದಿ ತಿರುಪಿನ ತೂತು ಮುಚ್ಚಿದ ಗುರುತು ಇದೆಯೇ? ಕರೆಂಟು ಬರುವ ಮುಂಚಿನ ಮನೆಗಳಿಗೆ ಮಾಡಿದ್ದು ಅದು. ನಮ್ಮಲ್ಲಿ ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಅಲ್ಲಿಯವರೆಗೆ ಮೈಸೂರಿನಲ್ಲಿ ಸಂಜೆ ಪಿಯಾನೊ ನುಡಿಸಿದವರು ದೀಪದ ಬೆಳಕಿನಲ್ಲೇ ನುಡಿಸಿರಬೇಕು ಅಂತ ನೆನೆದರೆ ಏನೋ ಒಂಥರಾ ಆಗುತ್ತದೆ ನನಗೆ.

ಮರದ ಬಗ್ಗೆ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೀಟೆ ಮರದ ಕೆತ್ತನೆ ಕೆಲಸದವರೊಬ್ಬರನ್ನು ಕರೆದರೆ ಮೇಲಿನ ತೆಳು ಪದರ ಬೀಟೆಯೋ, ವಾಲ್‌ನಟ್ಟೋ, ಬೇರೆ ಮರಕ್ಕೆ ಕಪ್ಪು ಬಳಿದದ್ದೋ ನಿಮಿಷದಲ್ಲಿ ಹೇಳುತ್ತಾರೆ. ನಮ್ಮಂಥ ಸೆಕೆ, ಮಳೆಯ ದೇಶಕ್ಕೆ ಅಂತಲೇ ಬೇರೆ ಥರ ಕಟ್ಟಿದ ಪಿಯಾನೊಗಳೂ ಇದ್ದವು. ಬರೀ ಅಂಟು ನಂಬದೆ ಎಲ್ಲ ಕೂಡುಗಳಿಗೂ ಹಿತ್ತಾಳೆ ತಿರುಪು ಹಾಕಿರುತ್ತಾರೆ. ಬೆನ್ನಲ್ಲೂ ಮೂಲೆಗಳಲ್ಲೂ ಹಿತ್ತಾಳೆ ಹೊಳೆದರೆ ಅದು ಹೊರದೇಶಕ್ಕೆ ಅಂತಲೇ ಮಾಡಿದ ಪಿಯಾನೊ ಇರಬಹುದು.

ದಂತದ ಕೀ

ಬಿಳಿ ಕೀಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ. ದಂತ ಆದರೆ ಮುಂದಿನ ಅಗಲ ಭಾಗವೂ ಹಿಂದಿನ ಸಣ್ಣ ಭಾಗವೂ ಬೇರೆ ಬೇರೆ ತುಂಡು. ಕರಿ ಕೀ ಶುರುವಾಗುವ ಕಡೆ ಕೂದಲೆಳೆಯಷ್ಟು ಸಣ್ಣ ಸೇರುಗೆರೆ ಕಾಣುತ್ತದೆ. ಮೈಯಲ್ಲಿ ಮರದ ಎಳೆಯ ಹಾಗೆ ನಯವಾದ, ಒಂದರಂತೆ ಒಂದಿಲ್ಲದ ಗೆರೆಗಳು. ಒಂದೇ ತುಂಡು, ಗೆರೆ ಇಲ್ಲ ಅಥವಾ ಸ್ಕೇಲಿನಲ್ಲಿ ಎಳೆದ ಹಾಗೆ ನೇರ ಗೆರೆ ಇದ್ದರೆ ಸಾಮಾನ್ಯವಾಗಿ ಹಳೇ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್ ಅಥವಾ ಈಚಿನ ಪ್ಲಾಸ್ಟಿಕ್. ಕಾದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ.

ದಂತ ಅಂತ ಗೊತ್ತಾದರೆ ಇನ್ನೊಂದು ವಿಷಯ. ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಆನೆ ದಂತದ ವ್ಯಾಪಾರಕ್ಕೆ ನಿಷೇಧ ಇದೆ. ಮಾರುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕೀ ಮೇಲಿನ ತುಂಡುಗಳನ್ನು ಬಿಡಿಸಿ ಮಾರಲು ಯಾರಿಗೂ ಕೊಡಬೇಡಿ.

ಇಷ್ಟೂ ಆದಮೇಲೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತಾಳೆ ನೋಡಿ. ಟೀಚರಮ್ಮನ ಪಿಯಾನೊ ಲೆಕ್ಕ ಹೀಗೆ ಬಂತು. ಫ್ರೇಮಿನ ಮೇಲೆ ಬ್ರಿನ್ಸ್‌ಮೀಡ್. ಒಳಗಿನ ಗುರುತಿನಿಂದ 1878ರ ಹಿಂದಿನದಲ್ಲ. 85 ಕೀ, ತಂತಿ ನೇರ, ಮೇಣದಬತ್ತಿ ಸ್ಟ್ಯಾಂಡಿನ ತೂತು ಎರಡು. ಕೆಳಗಿನ ಹಲಗೆಯ ಒಳಗೆ ಟ್ಯೂನರ್ ಒಬ್ಬರ ಪೆನ್ಸಿಲ್ ಬರಹ, "ಮೈಸೂರು, 1912". ನಂಬರನ್ನು ಪಟ್ಟಿಯಲ್ಲಿ ನೋಡಿದರೆ 1890ರ ಆಸುಪಾಸು. ಒಂದಕ್ಕೊಂದು ಎಲ್ಲೂ ಎದುರಾಡಲಿಲ್ಲ. ಅರಮನೆಗೆ ಸೇರಿದ್ದು ಅನ್ನುವ ಒಂದು ಚೀಟಿ, ಒಂದು ಮುದ್ರೆ ಎಲ್ಲೂ ಸಿಗಲಿಲ್ಲ. ಅದನ್ನು ಅವರಿಗೆ ಹೇಳಲು ನನಗೆ ಸ್ವಲ್ಪ ಹಿಂಜರಿಕೆಯೇ ಆಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ಮಾವನವರು ಯಾರ ಹತ್ರಾನೋ ದುಡ್ಡು ಕೊಟ್ಟೇ ತಗೊಂಡಿದ್ದಾರೆ ಅಂತಾಯ್ತು. ಒಳ್ಳೇದೇ ಆಯ್ತು ಬಿಡು" ಅಂದರು.

ಗುಜರಿಯವನಿಗೆ ಬೇಡ ಅಂತ ಫೋನು ಮಾಡಿದರು. ಪಿಯಾನೊ ಈಗ ಅವರ ಮಗಳ ಮನೆಯಲ್ಲಿದೆ.

ಹಲಗೆ ವಾಪಸ್ ಹಾಕುವ ಮುಂಚೆ ಒಂದು ಕೆಲಸ ನೀವೂ ಮಾಡಿ. ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಕೆಳಗಿನ ಹಲಗೆಯ ಒಳಗೆ, ಪೆಡಲ್ ಕಡ್ಡಿಗೆ ತಾಗದ ಹಾಗೆ ಇಡಿ. ಮುಂದೆ ಬಿಚ್ಚುವವರಿಗೆ ಸಿಗುತ್ತದೆ. ನಜರ್‌ಬಾದಿನ ಮನೆಯಲ್ಲಿ ಆ ಚೀಟಿಯನ್ನು ಟೀಚರಮ್ಮನೇ ಬರೆದರು, ಬೋರ್ಡಿನ ಮೇಲೆ ಬರೆಯುವ ಹಾಗೆ ದುಂಡು ಅಕ್ಷರದಲ್ಲಿ. ಮಾಡಿದವರ ಹೆಸರು, ನಂಬರ್, ಸುಮಾರು ವರ್ಷ, ನೋಡಿದ ತಾರೀಕು. ಕೊನೆಗೆ ಒಂದು ಸಾಲು ತಾವೇ ಸೇರಿಸಿದರು: "ನವರಾತ್ರಿಯಲ್ಲಿ ಇದರ ಮೇಲೆ ಗೊಂಬೆ ಕೂರಿಸುತ್ತಿದ್ದೆವು."